ಲಂಡನ್ನಿನಲ್ಲಿ ಹುಕ್ಕಾ, ಬ್ರೈಟನ್ನಿನಲ್ಲಿ ಚಂಪಿ: ದೀನ್ ಮಹಮ್ಮದನ ಕತೆ

ಆರನೇ ಸೆಮಿಸ್ಟರ್ ಮುಗಿಯೋ ಹೊತ್ತಿಗೆ ನಮ್ಮ ಕ್ಯಾಂಪಸ್ಸಿನಲ್ಲಿ ಎರಡು ಬಗೆಯ ಮಾತು ಶುರುವಾಗುತ್ತೆ. ಒಂದು ಪ್ಲೇಸ್‌ಮೆಂಟ್ ಬಗ್ಗೆ. ಇನ್ನೊಂದು, ಹೊರದೇಶಕ್ಕೆ ಹೋಗಿ ಬಿಸಿನೆಸ್ ಓದ್ಕೊಂಡು ಅಲ್ಲೇ ಒಂದು ಪುಟ್ಟ ಹೋಟೆಲ್ಲೋ ಕೆಫೆಯೋ ಹಾಕೋದರ ಬಗ್ಗೆ. ಮೆಸ್ಸಿನ ಉಪ್ಪಿಟ್ಟು ತಿಂತಾ ಈ ಎರಡನೇ ಮಾತಾಡಿದವರು ನಮ್ಮಲ್ಲಿ ಕಮ್ಮಿ ಏನಿಲ್ಲ. ದೋಸೆ ಕಾವಲಿ, ಹಿತ್ತಾಳೆ ಲೋಟ, ಗೋಡೆ ಮೇಲೆ ಹಂಪಿಯ ಕಲ್ಲಿನ ರಥ, ಎಲ್ಲಾ ಪ್ಲಾನ್ ಆಗಿರುತ್ತೆ, ತಿಂಗಳ ಬಾಡಿಗೆ ಎಷ್ಟು ಅನ್ನೋದೊಂದನ್ನು ಬಿಟ್ಟು. ಅದಕ್ಕೇ ಈ ಸಲದ ವ್ಯಕ್ತಿ ಪರಿಚಯಕ್ಕೆ ವಿಜ್ಞಾನಿ, ಎಂಜಿನಿಯರ್ ಯಾರನ್ನೂ ಆರಿಸಿಕೊಳ್ಳದೆ ಒಬ್ಬ ಹೋಟೆಲ್ಲಿನವನನ್ನು ಆರಿಸಿಕೊಂಡಿದ್ದೇವೆ. ಪಾಟ್ನಾದಲ್ಲಿ ಹುಟ್ಟಿ, 1810ರಲ್ಲಿ ಲಂಡನ್ನಿನಲ್ಲಿ ಊಟದ ಮನೆ ತೆರೆದು, ಎರಡೇ ವರ್ಷದಲ್ಲಿ ದಿವಾಳಿಯಾಗಿ, ಐವತ್ತೈದರ ವಯಸ್ಸಿನಲ್ಲಿ ಬೇರೆ ಊರಲ್ಲಿ ಬೇರೆಯೇ ಕಸುಬು ಹಿಡಿದು ಇಂಗ್ಲೆಂಡಿನ ರಾಜನ ಬೆನ್ನು ನೀವಿದ ದೀನ್ ಮಹಮ್ಮದ್.

2019ರ ಜನವರಿ 15ರಂದು ಗೂಗಲ್ ತೆರೆದವರು ಈತನ ಡೂಡಲ್ ನೋಡಿರಬಹುದು. ಈತ ಬರೆದ ಪುಸ್ತಕಕ್ಕೆ 225 ವರ್ಷ ತುಂಬಿದ ದಿನ ಅದು. ಪುಸ್ತಕದ ವಿಷಯ ಆಮೇಲೆ ಬರುತ್ತೆ.

ಹುಟ್ಟಿದ್ದು 1759ರಲ್ಲಿ. ಪ್ಲಾಸಿ ಕದನ ಮುಗಿದು ಎರಡು ವರ್ಷ ಆಗಿತ್ತು. ಬಂಗಾಳ, ಬಿಹಾರದ ಕಡೆ ನವಾಬರ ದಿನ ಇಳಿದು ಈಸ್ಟ್ ಇಂಡಿಯಾ ಕಂಪನಿಯ ದಿನ ಏರುತ್ತಿತ್ತು. ತಾವು ಮುರ್ಷಿದಾಬಾದಿನ ನವಾಬರ ಕಡೆಯವರು ಅಂತ ಮನೆಯವರು ಹೇಳಿಕೊಳ್ಳುತ್ತಿದ್ದರು. ಆದರೆ ಹೊಟ್ಟೆಪಾಡಿಗೆ ಅಪ್ಪ ಸೇರಿದ್ದು ಕಂಪನಿಯ ಬಂಗಾಳ ಸೈನ್ಯವನ್ನು. ಹುಡುಗನಿಗೆ ಇನ್ನೂ ಹತ್ತು–ಹನ್ನೊಂದು ಇರುವಾಗ, ಕಂದಾಯ ವಸೂಲಿಗೆ ಹೋದ ಕಡೆ ನಡೆದ ಜಗಳದಲ್ಲಿ ಅಪ್ಪ ಸತ್ತ. ಅಪ್ಪನ ಜಾಗಕ್ಕೆ ಅಣ್ಣ ಹೋದ. ತಮ್ಮ ತಾಯಿಯ ಜೊತೆ ಪಾಟ್ನಾದಲ್ಲೇ ಉಳಿದ.

ಉಳಿದದ್ದು ಹೆಚ್ಚು ದಿನ ಅಲ್ಲ. ಊರಿಗೆ ಬಂದುಹೋಗುತ್ತಿದ್ದ ಕೆಂಪು ಕೋಟಿನ ಅಧಿಕಾರಿಗಳನ್ನು ಕಂಡು ಈ ಹುಡುಗನಿಗೆ ಹುಚ್ಚು ಹಿಡಿದಿತ್ತು. ಐರ್ಲೆಂಡಿನ ಕಾರ್ಕ್ ಊರಿನಿಂದ ಬಂದಿದ್ದ ಗಾಡ್‌ಫ್ರೀ ಇವಾನ್ ಬೇಕರ್ ಅನ್ನುವ ಚಿಕ್ಕ ವಯಸ್ಸಿನ ಅಧಿಕಾರಿಯ ಕಣ್ಣಿಗೆ ಬಿದ್ದ, ಅವನ ಹಿಂದೆಯೇ ಹೊರಟ. ತಾಯಿ ಬೇಡ ಅಂದಳು, ಶಿಬಿರದವರೆಗೂ ಬಂದು ಮಗನನ್ನು ವಾಪಸ್ ಕರೆದಳು. ಹುಡುಗ ಹೋಗಲಿಲ್ಲ. 1769ರಿಂದ ಮುಂದಿನ ಹದಿನೈದು ವರ್ಷ ಬೇಕರ್ ಎಲ್ಲಿದ್ದನೋ ಅಲ್ಲೇ ದೀನ್ ಮಹಮ್ಮದ್ ಇದ್ದ. ಆ ತಾಯಿ ಏನಾದಳು ಅಂತ ಯೋಚಿಸಿದರೆ ಇವತ್ತಿಗೂ ನಮಗೆ ಒಂದು ಥರ ಆಗುತ್ತೆ.

ಈತ ಬಿಸಿನೆಸ್ ಕಲಿತದ್ದು ಎಲ್ಲಿ ಅಂದ್ರೆ, ಈ ಸೈನ್ಯದಲ್ಲೇ. ಆ ಕಾಲದ ಕಂಪನಿ ಸೈನ್ಯ ಅಂದರೆ ನಡೆದಾಡುವ ಒಂದು ಊರು. ಬಂದೂಕು ಹಿಡಿದವರಿಗಿಂತ ಅವರ ಹಿಂದೆ ನಡೆಯುವವರೇ ಜಾಸ್ತಿ: ದಿನಸಿ ಮಾರುವವರು, ಹಿಟ್ಟು ಬೀಸುವವರು, ಮಿಠಾಯಿಯವರು, ನಾಣ್ಯ ಬದಲಿಸುವ ಸರಾಫರು, ಅಗಸರು, ಕ್ಷೌರಿಕರು, ನೀರು ಹೊರುವವರು, ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಬರುವ ಬಂಜಾರರು. ದಂಡು ಎಲ್ಲಿ ತಂಗುತ್ತೋ ಅಲ್ಲಿ ಸಂಜೆಯೊಳಗೆ ಬಜಾರು ಎದ್ದಿರಬೇಕು, ಬೆಳಿಗ್ಗೆ ಮಡಚಿ ಹೊರಟಿರಬೇಕು. ಬೇಕರ್‌ಗೆ ದಂಡಿನ ಸರಬರಾಜು ನೋಡಿಕೊಳ್ಳುವ ಕೆಲಸ ಬಂದಾಗ ದೀನ್ ಮಹಮ್ಮದನಿಗೆ ಈ ಬಜಾರಿನ ಮೇಲ್ವಿಚಾರಣೆ ಸಿಕ್ಕಿತು. ಯಾವ ಮಾಲು ಎಲ್ಲಿಂದ ಬರಬೇಕು, ಯಾರಿಗೆ ಎಷ್ಟು ಸಾಲ, ಮಳೆ ಬಂದು ಹೊಳೆ ದಾಟಕ್ಕೆ ಆಗದಿದ್ದರೆ ಸಾವಿರಾರು ಹೊಟ್ಟೆಗೆ ಏನು ದಾರಿ, ಇದೆಲ್ಲಾ ಹುಡುಗನ ತಲೆಗೆ ಬಿತ್ತು. ನಾವು ಸಪ್ಲೈ ಚೈನ್ ಅಂತ ಎಲೆಕ್ಟಿವ್ ತಗೊಂಡು ಪಿಪಿಟಿಯಲ್ಲಿ ಓದೋದನ್ನ ಈತ ಎತ್ತಿನ ಗಾಡಿ ಎಣಿಸಿ ಕಲಿತ.

ಮುಂದೆ ಜಮಾದಾರನಾದ, ಆಮೇಲೆ ಸುಬೇದಾರನೂ ಆದ. ಕಂಪನಿ ಸೈನ್ಯದಲ್ಲಿ ಭಾರತೀಯನೊಬ್ಬ ಏರಬಹುದಾದ ಎತ್ತರ ಹೆಚ್ಚುಕಡಿಮೆ ಅಷ್ಟೇ. 1781ರಲ್ಲಿ ಬನಾರಸಿನ ರಾಜ ಚೈತ್ ಸಿಂಗ್ ವಾರನ್ ಹೇಸ್ಟಿಂಗ್ಸನ ವಿರುದ್ಧ ತಿರುಗಿಬಿದ್ದಾಗ ಅದನ್ನು ಅಡಗಿಸಲು ಹೋದ ಪಡೆಗಳಲ್ಲಿ ಈತನೂ ಇದ್ದ. ಅಂದರೆ ತನ್ನ ಜನರ ಮೇಲೇ ಬಂದೂಕು ಹಿಡಿದು ನಿಂತವನು. ಇದನ್ನು ಮುಚ್ಚಿಟ್ಟು ಬರೆಯೋದು ಸರಿಯಲ್ಲ. ಆ ಕಾಲದಲ್ಲಿ ದೇಶ ಅನ್ನುವ ಕಲ್ಪನೆ ಈಗಿನಂತೆ ಇರಲಿಲ್ಲ ಅನ್ನೋದು ನಿಜ; ಆದರೆ ಸುಲಿಗೆ ಯಾವುದು ಅಂತ ಗೊತ್ತಾಗಕ್ಕೆ ದೇಶದ ಕಲ್ಪನೆ ಬೇಕಾಗಿರಲಿಲ್ಲ.

ಮರುವರ್ಷ ಬೇಕರ್ ಮೇಲೆ ಆರೋಪ ಬಂದು ಅವನು ಕೆಲಸ ಬಿಟ್ಟ. ಅವನ ಜೊತೆ ದೀನ್ ಮಹಮ್ಮದನೂ ಬಿಟ್ಟ. ಇಪ್ಪತ್ತೈದರ ಹರೆಯ, ಸುಬೇದಾರ್ ಪದವಿ, ಗೊತ್ತಿರುವ ಊರುಗಳು, ಎಲ್ಲಾ ಬಿಟ್ಟು 1784ರಲ್ಲಿ ಹಡಗು ಹತ್ತಿ ಇಂಗ್ಲೆಂಡಿನ ಡಾರ್ಟ್‌ಮತ್ ಬಂದರಿನಲ್ಲಿ ಇಳಿದು, ಅಲ್ಲಿಂದ ಕಾರ್ಕ್‌ಗೆ ಹೋದ. ಮತ್ತೆ ಭಾರತಕ್ಕೆ ಬರಲೇ ಇಲ್ಲ.

ಕಾರ್ಕ್‌ನಲ್ಲಿ ಈತ ಮೊದಲು ಮಾಡಿದ ಕೆಲಸ ಇಂಗ್ಲಿಷ್ ಶಾಲೆಗೆ ಸೇರಿಕೊಂಡದ್ದು. ಇಪ್ಪತ್ತೈದರ ಸುಬೇದಾರ ಅಕ್ಷರ ತಿದ್ದಲು ಕೂತ. ಕನ್ನಡ ಮೀಡಿಯಮ್ಮಿನಿಂದ ಬಂದು ಮೊದಲ ಸೆಮಿಸ್ಟರ್ ಪೂರ್ತಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ನಮ್ಮಲ್ಲಿ ಹಲವರಿಗೆ ಈ ಭಾಗ ಸಲೀಸಾಗಿ ಅರ್ಥವಾಗುತ್ತೆ. ಅಲ್ಲೇ ಜೇನ್ ಡಾಲಿ ಅನ್ನುವ ಐರಿಷ್ ಹುಡುಗಿಯ ಪರಿಚಯವಾಯಿತು. ಅವಳ ಕಡೆಯವರಿಗೆ ಒಪ್ಪಿಗೆ ಇರಲಿಲ್ಲ. 1786ರಲ್ಲಿ ಇಬ್ಬರೂ ಓಡಿಹೋಗಿ ಮದುವೆಯಾದರು. ಈತ ಪ್ರಾಟೆಸ್ಟಂಟ್ ಕ್ರೈಸ್ತನಾದ. ಬೇಕರ್ ಮನೆತನದ ಆಶ್ರಯದಲ್ಲಿ ಸಂಸಾರ ನಡೆಯಿತು, ಮಕ್ಕಳಾದವು.

ಈಗ ಪುಸ್ತಕದ ವಿಷಯ. 1794ರಲ್ಲಿ ಕಾರ್ಕ್‌ನಲ್ಲಿ ಎರಡು ಸಂಪುಟಗಳಲ್ಲಿ ಈತನ ಪ್ರವಾಸ ಕಥನ ಅಚ್ಚಾಯಿತು. ಒಬ್ಬ ಗೆಳೆಯನಿಗೆ ಬರೆದ ಪತ್ರಗಳ ರೂಪದಲ್ಲಿ ಕಂಪನಿ ಸೈನ್ಯದ ಜೊತೆ ತಿರುಗಿದ ಊರುಗಳು, ಅಲ್ಲಿನ ಜನ, ಮದುವೆ, ಹಬ್ಬ, ಯುದ್ಧ ಎಲ್ಲಾ ಅದರಲ್ಲಿದೆ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಇದೇ. ನಮಗೆ ಇಷ್ಟವಾದದ್ದು ಅದನ್ನು ಅಚ್ಚು ಹಾಕಿಸಿದ ರೀತಿ. ಕೈಯಲ್ಲಿ ದುಡ್ಡಿಲ್ಲ, ಹೆಸರೂ ಇಲ್ಲ. ಹೀಗಾಗಿ ಮುಂಚೆಯೇ ಊರಿನ ದೊಡ್ಡವರ ಮನೆಮನೆ ಬಾಗಿಲಿಗೆ ಸುದ್ದಿ ಮುಟ್ಟಿಸಿ ಚಂದಾ ಎತ್ತಿದ. ಮುನ್ನೂರಕ್ಕೂ ಹೆಚ್ಚು ಜನ ಮುಂಗಡ ಕೊಟ್ಟು ತಮ್ಮ ಹೆಸರನ್ನು ಪುಸ್ತಕದ ಮುಂದಿನ ಪಟ್ಟಿಯಲ್ಲಿ ಅಚ್ಚು ಹಾಕಿಸಿಕೊಂಡರು. ನಾವು ಟೆಕ್ ಫೆಸ್ಟಿಗೆ ಸ್ಪಾನ್ಸರ್ ಹುಡುಕೋದೂ ಹೆಚ್ಚುಕಡಿಮೆ ಇದೇ, ಬ್ಯಾನರ್ ಬದಲು ಪುಸ್ತಕದ ಪುಟ ಅಷ್ಟೇ. ಅಂದಹಾಗೆ ಪುಸ್ತಕದ ಕೆಲವು ಭಾಗಗಳನ್ನು ಆಗಲೇ ಬಂದಿದ್ದ ಬೇರೆಯವರ ಪ್ರವಾಸ ಪುಸ್ತಕಗಳಿಂದ ಎತ್ತಿಕೊಂಡಿದ್ದಾನೆ ಅಂತ ಈಗಿನ ಸಂಶೋಧಕರು ಪತ್ತೆ ಮಾಡಿದ್ದಾರೆ. ಆ ಕಾಲದಲ್ಲಿ ಹಲವರು ಹಾಗೆ ಮಾಡುತ್ತಿದ್ದರು. ನಮ್ಮ ಕಾಲೇಜಿನ ಪ್ಲೇಜಿಯರಿಸಂ ಸಾಫ್ಟ್‌ವೇರ್ ಆಗ ಇರಲಿಲ್ಲ, ಬಚಾವ್.

1799ರಲ್ಲಿ ಲಖನೌ ಕಡೆಯ ಮಿರ್ಜಾ ಅಬು ತಾಲಿಬ್ ಖಾನ್ ಯುರೋಪ್ ಪ್ರವಾಸದಲ್ಲಿ ಕಾರ್ಕ್‌ಗೆ ಬಂದಾಗ ಈತನನ್ನು ಭೇಟಿಯಾದ. ಹೆಂಡತಿ, ಮುದ್ದಾದ ಮಕ್ಕಳು, ಸ್ವಂತ ಮನೆ, ಬರೆದ ಪುಸ್ತಕ, ಇವನ್ನೆಲ್ಲ ನೋಡಿ ತನ್ನ ಪಾರ್ಸಿ ಪ್ರವಾಸ ಕಥನದಲ್ಲಿ ದಾಖಲಿಸಿದ. ಸುಖವಾಗಿದ್ದ ಅಂತಲೇ ಹೇಳಬೇಕು. ಆದರೂ ಐವತ್ತು ಹತ್ತಿರ ಬರುವಾಗ, ಸುಮಾರು 1807ಕ್ಕೆ, ಸಂಸಾರ ಕಟ್ಟಿಕೊಂಡು ಲಂಡನ್ನಿಗೆ ಹೊರಟ.

ಆ ಲಂಡನ್ ಹೇಗಿತ್ತು ಅಂತ ಸ್ವಲ್ಪ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ. ಭಾರತದಲ್ಲಿ ದುಡ್ಡು ಬಾಚಿಕೊಂಡು ವಾಪಸ್ಸಾದ ಕಂಪನಿಯ ಜನಕ್ಕೆ ಅಲ್ಲಿನವರು ನಬಾಬ್ ಅಂತ ಅಡ್ಡಹೆಸರು ಇಟ್ಟಿದ್ದರು. ನಮ್ಮ ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ದೋಚಿದ ಮಾಲೂ ಅಲ್ಲಿಗೇ ಸೇರಿತ್ತು. ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಕಂಪನಿಯ ಮುಖ್ಯ ಕಚೇರಿಯಲ್ಲಿ ಜನ ನೋಡಲು ಇಟ್ಟಿದ್ದರು. ಹುಲಿಯ ಹಿಡಿ ತಿರುಗಿಸಿ ಅದರ ಘರ್ಜನೆ ಕೇಳಿಕೊಂಡು ಬರುವುದು ಲಂಡನ್ನಿನವರಿಗೆ ಒಂದು ಮೋಜಾಗಿತ್ತು. ಹಿಂದೂಸ್ತಾನ ಅಂದರೆ ಆಗ ಅಲ್ಲಿ ಫ್ಯಾಷನ್. ಈ ನಬಾಬರಲ್ಲಿ ಬಹಳ ಜನ ನೆಲೆಸಿದ್ದು ಪೋರ್ಟ್‌ಮನ್ ಸ್ಕ್ವೇರ್ ಸುತ್ತಮುತ್ತ. ಮದರಾಸಿನಲ್ಲಿ ನೌಕಾಪಡೆಗೆ ಆಹಾರ ಗುತ್ತಿಗೆ ಹಿಡಿದು ಭಾರಿ ಹಣ ಮಾಡಿದ್ದ ಬೇಸಿಲ್ ಕಾಕ್ರೇನ್ ಅಲ್ಲಿ ಹಬೆ ಸ್ನಾನದ ಮನೆಯೊಂದನ್ನು ಕಟ್ಟಿಸಿದ್ದ. ದೀನ್ ಮಹಮ್ಮದ್ ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿ. ಹಬೆಯಲ್ಲಿ ಕೂತೆದ್ದವರಿಗೆ ನಮ್ಮ ಕಡೆ ಮಾಡುವಂಥ ಅಂಗಮರ್ದನ ಮಾಡುತ್ತಿದ್ದ. ಹಿಂದಿಯ ಚಾಂಪೊ, ಚಂಪಿ ಇಂಗ್ಲಿಷಿಗೆ ಹೋಗಿ ಶಾಂಪೂ ಆದದ್ದು ಈ ಅರ್ಥದಲ್ಲೇ. ತಲೆಗೆ ಹಚ್ಚುವ ಸೋಪಿನ ನೀರಿಗೆ ಆ ಹೆಸರು ಅಂಟಿದ್ದು ತುಂಬಾ ಆಮೇಲೆ.

1810ರಲ್ಲಿ, ಐವತ್ತೊಂದನೇ ವಯಸ್ಸಿಗೆ, ಈತ ಸ್ವಂತ ಅಂಗಡಿ ತೆರೆದ. ಪೋರ್ಟ್‌ಮನ್ ಸ್ಕ್ವೇರ್‌ಗೆ ಹತ್ತಿರದ ಜಾರ್ಜ್ ಸ್ಟ್ರೀಟ್, ನಂಬರ್ 34. ಹೆಸರು ಹಿಂದೂಸ್ತಾನಿ ಕಾಫಿ ಹೌಸ್. ಹೆಸರು ಕೇಳಿ ಕಾಫಿ ಮಾರುತ್ತಿದ್ದ ಅಂದುಕೊಳ್ಳಬೇಡಿ. ಆಗಿನ ಲಂಡನ್ನಿನಲ್ಲಿ ಕಾಫಿ ಹೌಸ್ ಅಂದರೆ ಜನ ಸೇರಿ ಪೇಪರ್ ಓದಿ, ವ್ಯಾಪಾರ ಮಾತಾಡಿ, ತಿಂದುಂಡು ಹೋಗುವ ಜಾಗ. ಇಲ್ಲಿ ಸಿಗುತ್ತಿದ್ದದ್ದು ಅನ್ನ, ಮಸಾಲೆ ಹಾಕಿದ ಸಾರಿನ ಬಗೆಗಳು, ಪಲಾವ್. ಬೆತ್ತದ ಕುರ್ಚಿ, ಗೋಡೆ ತುಂಬಾ ಭಾರತದ ದೃಶ್ಯಗಳ ಚಿತ್ರ. ಹುಕ್ಕಾ ಸೇದುವವರಿಗೆ ಬೇರೆಯೇ ಕೋಣೆ, ಅದಕ್ಕೆ ಅಸಲಿ ಚಿಲುಮೆ ತಂಬಾಕು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಮುಂಚಿತವಾಗಿ ತಿಳಿಸಿದರೆ ಭಾರತೀಯ ಊಟ ತಯಾರಿಸಿ ಮನೆಗೇ ಕಳಿಸುವುದಾಗಿ ಹೇಳಿಕೊಂಡ. ಹೋಂ ಡೆಲಿವರಿ, 1810ರಲ್ಲಿ! ಇದನ್ನು ಓದಿದಾಗ ನಮ್ಮ ಸಂಪಾದಕ ಮಂಡಳಿಯಲ್ಲಿ ಎರಡು ನಿಮಿಷ ಬೇರೆ ಮಾತೇ ಇರಲಿಲ್ಲ.

ಲಂಡನ್ನಿನಲ್ಲಿ ಕರಿ ಮಾರಿದ ಮೊದಲಿಗ ಈತನಲ್ಲ. 1773ರ ಸುಮಾರಿಗೇ ಹೇಮಾರ್ಕೆಟ್ ಹತ್ತಿರದ ಕಾಫಿ ಹೌಸ್ ಒಂದರಲ್ಲಿ ಕರಿ ಸಿಗುತ್ತಿತ್ತು. ಹ್ಯಾನಾ ಗ್ಲಾಸ್ ಬರೆದ ಅಡುಗೆ ಪುಸ್ತಕದಲ್ಲಿ 1747ರಲ್ಲೇ ಅದರ ವಿಧಾನ ಇತ್ತು. ಆದರೆ ಭಾರತೀಯನೊಬ್ಬ ತನ್ನದೇ ಯಜಮಾನಿಕೆಯಲ್ಲಿ, ಭಾರತೀಯ ಊಟಕ್ಕೆಂದೇ ಬ್ರಿಟನ್ನಿನಲ್ಲಿ ತೆರೆದ ಮೊದಲ ರೆಸ್ಟೋರೆಂಟ್ ಇದು.

ಊಟ ಚೆನ್ನಾಗಿಲ್ಲ ಅಂತ ಯಾರೂ ಬರೆದಿಟ್ಟಿಲ್ಲ. 1815ರಲ್ಲಿ ಬಂದ ಲಂಡನ್ ಊಟದ ಮನೆಗಳ ಕೈಪಿಡಿಯಲ್ಲಿ ಈ ಜಾಗಕ್ಕೂ ಒಂದು ಜಾಗ ಸಿಕ್ಕಿದೆ. ಹಾಗಾದರೆ ಮುಳುಗಿದ್ದು ಯಾಕೆ? ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕಂದ್ರೆ ಕಾವಲಿ, ಲೋಟದ ಪ್ಲಾನ್ ಮಾಡುವವರಿಗೆ ಬೇಕಾದ ಭಾಗ ಇದೇ.

ಈತ ನಂಬಿಕೊಂಡ ಗಿರಾಕಿ ಯಾರು? ಭಾರತದಲ್ಲಿ ವರ್ಷಗಟ್ಟಲೆ ಇದ್ದು ಆ ರುಚಿಗೆ ನಾಲಿಗೆ ಒಗ್ಗಿದ ನಬಾಬ. ಲೆಕ್ಕ ಮೇಲ್ನೋಟಕ್ಕೆ ಸರಿಯಾಗೇ ಇದೆ. ಅಂಗಡಿಯೂ ಅವರ ಬೀದಿಯಲ್ಲೇ ಇದೆ. ಆದರೆ ಅಷ್ಟು ದುಡ್ಡಿನ ನಬಾಬ ಭಾರತದಿಂದ ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಅಡುಗೆಯವನನ್ನೂ, ಹುಕ್ಕಾ ಸಿದ್ಧ ಮಾಡುವ ಆಳನ್ನೂ ಹಡಗಿನಲ್ಲಿ ಜೊತೆಗೇ ತಂದಿದ್ದ. ಮನೆಯಲ್ಲೇ ಪಲಾವ್ ಬೇಯುವಾಗ ಬೀದಿಗೆ ಇಳಿದು ಕಾಸು ಕೊಟ್ಟು ಯಾಕೆ ತಿನ್ನಬೇಕು? ಇನ್ನು ಭಾರತದ ಜೊತೆ ವ್ಯಾಪಾರ ಮಾಡುವ ಮಧ್ಯಮ ಮಟ್ಟದ ಜನ, ಹಡಗಿನ ಕಪ್ತಾನರು, ದಲ್ಲಾಳಿಗಳು ಇದ್ದರಲ್ಲ, ಅವರ ಕೆಲಸ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಸಿಟಿ ಅನ್ನುವ ವ್ಯಾಪಾರದ ಭಾಗದಲ್ಲಿ. ಅವರಿಗೆ ಅಲ್ಲೇ ಜೆರುಸಲೆಂ ಕಾಫಿ ಹೌಸ್ ಇತ್ತು. ಯಾವ ಹಡಗು ಬಂತು, ಯಾವುದು ಮುಳುಗಿತು ಅನ್ನುವ ಸುದ್ದಿ ಅಲ್ಲಿ ಸಿಗುತ್ತಿತ್ತು. ಪಲಾವಿನ ಆಸೆಗೆ ಅದನ್ನು ಬಿಟ್ಟು ಅಷ್ಟು ದೂರ ಬರುವವರು ಕಮ್ಮಿ. ಭಾರತವನ್ನೇ ಕಾಣದ ಸಾಮಾನ್ಯ ಲಂಡನ್ನಿನವನಿಗೋ ಈ ಖಾರ, ಈ ಬೆಲೆ, ಎರಡೂ ದೂರ.

ಅದರ ಮೇಲೆ ಕಾಲವೂ ಕೆಟ್ಟದಿತ್ತು. ನೆಪೋಲಿಯನ್ ಜೊತೆಗಿನ ಯುದ್ಧ ನಡೆಯುತ್ತಿತ್ತು. 1810ರಲ್ಲೇ ಬ್ರಿಟನ್ನಿನಲ್ಲಿ ಹಣಕಾಸಿನ ಬಿಕ್ಕಟ್ಟು ಎದ್ದು ವ್ಯಾಪಾರಿಗಳು ಸಾಲುಸಾಲಾಗಿ ದಿವಾಳಿ ಎದ್ದರು. ಒಳಾಂಗಣಕ್ಕೆ, ಬಾಡಿಗೆಗೆ ಸುರಿದ ದುಡ್ಡು ವಾಪಸ್ ಬರುವ ಮೊದಲೇ ದೀನ್ ಮಹಮ್ಮದನ ಕೈ ಖಾಲಿಯಾಯಿತು. ಪಾಲುದಾರನೊಬ್ಬನನ್ನು ಸೇರಿಸಿಕೊಂಡರೂ ಉಳಿಯಲಿಲ್ಲ. 1812ರಲ್ಲಿ ದಿವಾಳಿ. ನಮಗೆ ಹೊಟ್ಟೆ ಉರಿಯೋದು ಏನಕ್ಕೆ ಗೊತ್ತಾ? ಅಂಗಡಿ ಮುಚ್ಚಲಿಲ್ಲ. ಬೇರೆಯವರ ಕೈಯಲ್ಲಿ ಅದೇ ಹೆಸರಿನಲ್ಲಿ ಇನ್ನೂ ಸುಮಾರು ಇಪ್ಪತ್ತು ವರ್ಷ ನಡೆಯಿತು. ಐಡಿಯಾ ಸರಿಯಿತ್ತು, ಅದು ಕಾಯಿ ಬಿಡುವವರೆಗೆ ಕಾಯುವಷ್ಟು ಬಂಡವಾಳ ಇರಲಿಲ್ಲ.

1813ರ ಏಪ್ರಿಲ್‌ನಲ್ಲಿ ಟೈಮ್ಸ್ ಪತ್ರಿಕೆಯಲ್ಲಿ ಒಂದು ಚಿಕ್ಕ ಜಾಹೀರಾತು ಬಂತು. ದೀನ್ ಮಹಮ್ಮದನಿಗೆ ಯಾರಾದರೂ ಸಾಹುಕಾರರ ಮನೆಯಲ್ಲಿ ಮೇಲಾಳಿನ ಕೆಲಸ ಬೇಕಾಗಿತ್ತು. ಸುಬೇದಾರ, ಲೇಖಕ, ಹೋಟೆಲ್ ಮಾಲೀಕ ಎಲ್ಲಾ ಆದವನು ಐವತ್ತನಾಲ್ಕರಲ್ಲಿ, ಮನೆತುಂಬ ಮಕ್ಕಳಿಟ್ಟುಕೊಂಡು, ಊಟ ಬಡಿಸುವ ಕೆಲಸಕ್ಕೆ ಅರ್ಜಿ ಹಾಕಿದ. ಈತನ ಬದುಕಿನಲ್ಲಿ ನಾವು ಮತ್ತೆ ಮತ್ತೆ ಹಿಂದಿರುಗಿ ನೋಡಿದ್ದು ಈ ಒಂದು ಜಾಹೀರಾತನ್ನು. ಗೂಗಲ್ ಡೂಡಲ್ಲಿನಲ್ಲಿ ಇದು ಇರಲಿಲ್ಲ.

ಮರುವರ್ಷ ಸಂಸಾರ ಸಮೇತ ಸಮುದ್ರ ತೀರದ ಬ್ರೈಟನ್‌ಗೆ ಹೋದ. ಅದಾಗ ಆರೋಗ್ಯಕ್ಕೆ ಸಮುದ್ರ ಸ್ನಾನ ಮಾಡಲು ದೊಡ್ಡವರು ಬರುವ ಊರು. ಯುವರಾಜ ಜಾರ್ಜ್ ಅಲ್ಲಿ ಅರಮನೆ ಮಾಡಿಕೊಂಡಿದ್ದ. 1815ರಿಂದ ಜಾನ್ ನ್ಯಾಶ್ ಅನ್ನುವ ವಾಸ್ತುಶಿಲ್ಪಿ ಆ ಅರಮನೆಗೆ ಭಾರತದ ಗುಮ್ಮಟ, ಮಿನಾರುಗಳನ್ನು ಏರಿಸತೊಡಗಿದ. ನೆಗಡಿ, ವಾತ, ಕೀಲುನೋವು, ಪಾರ್ಶ್ವವಾಯು ಹೊತ್ತುಕೊಂಡ ಸಿರಿವಂತರು ಊರ ತುಂಬಾ. ದೀನ್ ಮಹಮ್ಮದ್ ಈ ಸಲ ಊಟ ಮಾರಲಿಲ್ಲ. ಕಾಕ್ರೇನ್ ಮನೆಯಲ್ಲಿ ಮಾಡುತ್ತಿದ್ದ ಹಬೆ ಮತ್ತು ಚಂಪಿಯನ್ನೇ ಮಾರಿದ. ಬೇರೆ ಸ್ನಾನದ ಮನೆಗಳಲ್ಲಿ ಶುರು ಮಾಡಿ, 1821ರಲ್ಲಿ ಸಮುದ್ರಕ್ಕೆ ಮುಖ ಮಾಡಿದ ಭರ್ಜರಿ ಮಹಡಿ ಕಟ್ಟಡದಲ್ಲಿ ತನ್ನದೇ ಹೆಸರಿನ ಮಹಮ್ಮದ್ಸ್ ಬಾತ್ಸ್ ತೆರೆದ. ಈಗ ಅಲ್ಲಿ ಕ್ವೀನ್ಸ್ ಹೋಟೆಲ್ ಇದೆ.

ಅದರ ಏರ್ಪಾಡು ಚೆನ್ನಾಗಿತ್ತು. ಗಿರಾಕಿಯನ್ನು ಫ್ಲಾನೆಲ್ ಬಟ್ಟೆಯ ಒಂದು ಗುಡಾರದೊಳಗೆ ಕೂರಿಸುವುದು. ಭಾರತದ ಮೂಲಿಕೆಗಳನ್ನು ಹಾಕಿ ಕುದಿಸಿದ ನೀರಿನ ಹಬೆ ಒಳಗೆ ಬಿಡುವುದು. ಗುಡಾರದ ಬಟ್ಟೆಗೆ ಅಂಗಿಯ ತೋಳಿನಂಥ ತೋಳುಗಳನ್ನು ಹೊಲಿದಿರುತ್ತಿದ್ದರು. ನೀವುವವನು ಹೊರಗೇ ನಿಂತು ಆ ತೋಳುಗಳಲ್ಲಿ ಕೈ ತೂರಿಸಿ ಒಳಗಿದ್ದವನ ಮೈ ತಿಕ್ಕುತ್ತಿದ್ದ. ಹಬೆ ಸೋರಲ್ಲ, ಗಿರಾಕಿಯ ಮಾನಕ್ಕೂ ಭಂಗವಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗ್ಲೋವ್ ಬಾಕ್ಸ್ ನೋಡಿದವರು ಊಹಿಸಿಕೊಳ್ಳಬಹುದು. ಗಂಡಸರ ಕಡೆ ಈತ, ಹೆಂಗಸರ ಕಡೆ ಜೇನ್. ಈ ಜೇನ್ ಬಗ್ಗೆ ಇತಿಹಾಸದವರು ಒಂದು ಸಾಲು ಬರೆದು ಸುಮ್ಮನಾಗುತ್ತಾರೆ. ಆದರೆ ಅವಳಿಲ್ಲದಿದ್ದರೆ ಬರುವ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ.

ಲಂಡನ್ನಿನ ಪೆಟ್ಟಿನಿಂದ ಈತ ಕಲಿತದ್ದು ಜಾಹೀರಾತಿನ ವಿದ್ಯೆಯನ್ನು ಅನ್ನಿಸುತ್ತೆ. ಗುಣವಾಗಿ ಹೋದವರು ಬಿಟ್ಟ ಊರುಗೋಲುಗಳನ್ನು ಸ್ನಾನದ ಮನೆಯ ಗೋಡೆಗೆ ನೇತುಹಾಕಿದ. ವಾಸಿಯಾದವರು ಬರೆದ ಮೆಚ್ಚುಗೆ ಪತ್ರಗಳನ್ನು ಸೇರಿಸಿ 1820ರಲ್ಲಿ ಪುಸ್ತಕ ಮಾಡಿದ. 1822ರಲ್ಲಿ ಶಾಂಪೂಯಿಂಗ್ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದ. ಅದು ಮುಂದೆ ಮತ್ತೆ ಮತ್ತೆ ಅಚ್ಚಾಯಿತು. ವೈದ್ಯರು ತಾವೇ ರೋಗಿಗಳನ್ನು ಈತನ ಹತ್ತಿರ ಕಳಿಸತೊಡಗಿದರು. ಕೊನೆಗೆ ನಾಲ್ಕನೇ ಜಾರ್ಜ್, ಅವನ ನಂತರ ನಾಲ್ಕನೇ ವಿಲಿಯಂ, ಇಬ್ಬರು ರಾಜರಿಗೂ ಶಾಂಪೂಯಿಂಗ್ ಸರ್ಜನ್ ಅಂತ ನೇಮಕವಾಯಿತು. ಆತ ಅರಮನೆಗೆ ಹಾಕಿಕೊಂಡು ಹೋಗುತ್ತಿದ್ದ ದರ್ಬಾರು ಉಡುಪು ಈಗ ಬ್ರೈಟನ್ ಮ್ಯೂಸಿಯಂನಲ್ಲಿದೆ.

ಆದರೆ ಸರ್ಜನ್ ಅನ್ನಿಸಿಕೊಳ್ಳಕ್ಕೆ ಓದು ಬೇಕಲ್ಲ? ಇಲ್ಲಿ ಈತ ಒಂದು ಕಿತಾಪತಿ ಮಾಡಿದ. ಶಾಂಪೂಯಿಂಗ್ ಪುಸ್ತಕದಲ್ಲಿ ತಾನು ಹುಟ್ಟಿದ್ದು 1749ರಲ್ಲಿ ಅಂತ ಬರೆದುಕೊಂಡ. ಹೀಗೆ ಕೈಗೆ ಬಂದ ಹತ್ತು ಹೆಚ್ಚುವರಿ ವರ್ಷಗಳಲ್ಲಿ ಕಲ್ಕತ್ತಾದ ಆಸ್ಪತ್ರೆಯಲ್ಲಿ ವೈದ್ಯವೃತ್ತಿ ಕಲಿತಂತೆ ಹೇಳಿಕೊಂಡ. 1794ರ ಸ್ವಂತ ಪುಸ್ತಕವೇ ಇದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತೆ. ರೆಸ್ಯೂಮೆಯಲ್ಲಿ ಗೊತ್ತಿಲ್ಲದ ಪೈಥಾನ್ ಸೇರಿಸುವವರು ಇದನ್ನು ಓದಿ ಖುಷಿಪಡಬಹುದು. ನಮ್ಮ ಬಳಗದಲ್ಲಿ ಈ ವಿಷಯಕ್ಕೆ ಒಮ್ಮತ ಬರಲಿಲ್ಲ. ಕಪ್ಪು ಚರ್ಮದವನಿಗೆ ಆ ಸಮಾಜದಲ್ಲಿ ಬಾಗಿಲು ತೆರೆಯಲು ಬೇರೆ ಕೀಲಿ ಇರಲಿಲ್ಲ ಅನ್ನೋದು ಕೆಲವರ ವಾದ. ಪಾರ್ಶ್ವವಾಯು ಹೊಡೆದವರು ಡಾಕ್ಟರು ಅಂತ ನಂಬಿ ಬರುವ ಕಡೆ ಸುಳ್ಳು ಹೇಳಬಾರದಿತ್ತು ಅನ್ನೋದು ಉಳಿದವರದು. ನಾವು ಬಹುಮತದಿಂದ ಎರಡನೆಯದರ ಕಡೆ. ಕೀಲುನೋವಿಗೆ ಹಬೆ, ಮಾಲೀಸು ಹಿತ ಕೊಡುವುದು ನಿಜ. ಅದಕ್ಕಿಂತ ದೊಡ್ಡದನ್ನು ಮಾರುವ ಅಗತ್ಯ ಆ ಹೊತ್ತಿಗೆ ಈತನಿಗೆ ಇರಲಿಲ್ಲ.

ಬ್ರೈಟನ್ನಿನ ಈ ವೈಭವವೂ ಕೊನೆಯವರೆಗೆ ನಡೆಯಲಿಲ್ಲ. ಈತನನ್ನು ನೋಡಿ ಇತರರೂ ಹಬೆ ಸ್ನಾನದ ಮನೆ ತೆರೆದರು. 1837ರಲ್ಲಿ ಪಟ್ಟಕ್ಕೆ ಬಂದ ವಿಕ್ಟೋರಿಯಾ ರಾಣಿಗೆ ಬ್ರೈಟನ್ ಅಷ್ಟಕ್ಕಷ್ಟೇ. 1841ರಲ್ಲಿ ಲಂಡನ್ನಿನಿಂದ ರೈಲು ಬಂತು. ಒಂದು ದಿನಕ್ಕೆ ಬಂದು ಹೋಗುವ ಸಾಮಾನ್ಯ ಜನ ತುಂಬಿಕೊಂಡರು, ತಿಂಗಳುಗಟ್ಟಲೆ ಉಳಿಯುವ ಸಿರಿವಂತರು ಬೇರೆ ಊರು ನೋಡಿಕೊಂಡರು. ಅದೇ ಹೊತ್ತಿಗೆ ತಣ್ಣೀರಿನ ಚಿಕಿತ್ಸೆ ಅನ್ನುವ ಹೊಸ ಫ್ಯಾಷನ್ ಎದ್ದಿತು. ಇದೆಲ್ಲದಕ್ಕಿಂತ ದೊಡ್ಡ ಪೆಟ್ಟು ಅಂದರೆ, ಮಹಮ್ಮದ್ಸ್ ಬಾತ್ಸ್ ಕಟ್ಟಡದಲ್ಲಿ ಈತನದು ಹೆಸರು ಮಾತ್ರ, ಬಂಡವಾಳ ಬೇರೆಯವರದು. ಹಣ ಹಾಕಿದವನು ತೀರಿಕೊಂಡ ಮೇಲೆ ಕಟ್ಟಡ ಹರಾಜಿಗೆ ಬಂತು. ಎಂಬತ್ತು ದಾಟಿದ ದೀನ್ ಮಹಮ್ಮದನಿಂದ ಅದನ್ನು ಕೊಳ್ಳಲಾಗಲಿಲ್ಲ. ಲಂಡನ್ನಿನಲ್ಲಿ ಆದದ್ದೇ ಮೂವತ್ತು ವರ್ಷದ ನಂತರ ಮತ್ತೆ ಆಯಿತು. ತನ್ನ ಹೆಸರಿನ ಬೋರ್ಡು ಇನ್ನೊಬ್ಬರ ಕೈಗೆ ಹೋಯಿತು. ಗಂಡ ಹೆಂಡತಿ ಬ್ಲ್ಯಾಕ್ ಲಯನ್ ಸ್ಟ್ರೀಟಿನ ಚಿಕ್ಕ ಮನೆಯಲ್ಲಿ ಉಳಿದ ಗಿರಾಕಿಗಳಿಗೆ ಹಬೆ ಹಾಕುತ್ತಾ ಕೆಲಸ ಮುಂದುವರಿಸಿದರು.

1850ರ ಕೊನೆಯಲ್ಲಿ ಜೇನ್ ಹೋದಳು. ಎರಡು ತಿಂಗಳಿಗೆ, 1851ರ ಫೆಬ್ರವರಿ 24ರಂದು, ದೀನ್ ಮಹಮ್ಮದನೂ ಹೋದ. ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಸಮಾಧಿಯ ಕಲ್ಲಿನ ಮೇಲೆ ವಯಸ್ಸು 101 ಅಂತ ಕೆತ್ತಿದ್ದಾರೆ. ಆ ಹತ್ತು ವರ್ಷದ ಲೆಕ್ಕವನ್ನು ಮನೆಯವರೂ ಕೊನೆಗೂ ತಿದ್ದಲಿಲ್ಲ.

ಆಮೇಲೆ ಈತನನ್ನು ಜನ ಮರೆತೇಬಿಟ್ಟರು. ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಇತಿಹಾಸಕಾರ ಮೈಕಲ್ ಫಿಶರ್ ಹುಡುಕಿ ಬರೆದ ಮೇಲೆ ಹೆಸರು ಮತ್ತೆ ಓಡಾಡತೊಡಗಿತು. 2005ರಲ್ಲಿ ವೆಸ್ಟ್‌ಮಿನ್ಸ್ಟರ್ ನಗರಸಭೆ ಕಾಫಿ ಹೌಸ್ ಇದ್ದ ಜಾಗದಲ್ಲಿ ಹಸಿರು ಫಲಕ ಹಾಕಿತು. ಮನೆ ನಂಬರುಗಳು ಬದಲಾಗಿ ಈಗ ಅದು ಜಾರ್ಜ್ ಸ್ಟ್ರೀಟ್ 102. ಲಂಡನ್ನಿನಲ್ಲಿರುವ ನಮ್ಮ ಸೀನಿಯರ್‌ಗಳು ಬಾಂಡ್ ಸ್ಟ್ರೀಟ್ ಅಥವಾ ಬೇಕರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಇಳಿದರೆ ನಡೆದು ಹೋಗುವಷ್ಟೇ ದೂರ. 2018ರಲ್ಲಿ ಕಾಫಿ ಹೌಸಿನ ಊಟದ ಪಟ್ಟಿಯನ್ನು ಕೈಯಲ್ಲಿ ಬರೆದಿಟ್ಟಿದ್ದ ಹಾಳೆಗಳು ಹಳೆ ಪುಸ್ತಕಗಳ ಮೇಳವೊಂದರಲ್ಲಿ 8,500 ಪೌಂಡಿಗೆ ಮಾರಾಟವಾದವು. ಅನಾನಸ್ ಪಲಾವ್, ಕೋಳಿ ಕರಿ, ಲಾಬ್‌ಸ್ಟರ್ ಕರಿ ಎಲ್ಲಾ ಅದರಲ್ಲಿ ಬೆಲೆ ಸಮೇತ ಇವೆ.

ನಮ್ಮ ಬ್ರಾಂಚಿನವರಿಗೆ ಹತ್ತಿರವಾದ ವಿಷಯ ಇನ್ನೊಂದಿದೆ. ದೀನ್ ಮಹಮ್ಮದನ ಮಗ ಫ್ರೆಡರಿಕ್ ಬ್ರೈಟನ್ನಿನಲ್ಲಿ ಕತ್ತಿವರಸೆ, ಕಸರತ್ತಿನ ಶಾಲೆ ನಡೆಸಿದ. ಅವನ ಮಗ, ಅಂದರೆ ಮೊಮ್ಮಗ, ಫ್ರೆಡರಿಕ್ ಅಕ್ಬರ್ ಮಹಮ್ಮದ್, 1849ರಲ್ಲಿ ಹುಟ್ಟಿದವನು. ಇವನು ನಿಜವಾಗಿಯೂ ಓದಿ ಡಾಕ್ಟರಾದ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ. ನಾಡಿ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಸ್ಫಿಗ್ಮೋಗ್ರಾಫ್ ಅನ್ನುವ ಯಂತ್ರ ಆಗ ಬಂದಿತ್ತು. ಗೆರೆ ಬರುತ್ತಿತ್ತು, ಆದರೆ ರಕ್ತನಾಳದ ಮೇಲೆ ಎಷ್ಟು ಒತ್ತಡ ಹಾಕಿದಾಗ ಆ ಗೆರೆ ಬಂತು ಅಂತ ಅಳೆಯುವ ಮಾರ್ಗ ಇರಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಈತ ಆ ಒತ್ತಡವನ್ನು ಅಳೆಯಲು ಬರುವಂತೆ ಯಂತ್ರವನ್ನು ತಿದ್ದಿದ. ಅದನ್ನು ಹಿಡಿದು ಸಾವಿರಾರು ನಾಡಿ ನೋಡಿ, ಮೂತ್ರಪಿಂಡದ ಕಾಯಿಲೆ ಇಲ್ಲದೆ, ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುವ ಜನರಲ್ಲೂ ರಕ್ತದೊತ್ತಡ ಏರಿರಬಹುದು ಅಂತ ತೋರಿಸಿದ. ನಮ್ಮ ಅಪ್ಪ ಅಮ್ಮಂದಿರು ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುವ ಬಿಪಿ ಮಾತ್ರೆಯ ಕತೆ ಶುರುವಾಗುವುದು ಈ ತಿಳಿವಳಿಕೆಯಿಂದಲೇ. 1884ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಾಗ ಆತನಿಗೆ ಮೂವತ್ತೈದು ವರ್ಷ.